ಬಿಸಿಲೇರಿದರೆ ಗುಣವಾಗುವ ಗಾಡಿ

ವಿಜಯಪುರದವನು ಎಂದು ಹೇಳಿಕೊಂಡ ಕೂಡಲೇ ಎದುರಿಗಿದ್ದವರು, "ಅಲ್ಲಿಯ ಬಿಸಿಲು ಹೇಗೆ ತಡೆದುಕೊಳ್ಳುತ್ತೀರಪ್ಪ?" ಎಂದು ಕೇಳುತ್ತಾರೆ. ನಾನೂ ರೂಢಿಯಂತೆ ಮುಖ ಸಪ್ಪಗೆ ಮಾಡಿಕೊಂಡು, "ಏನು ಮಾಡುವುದು, ಹುಟ್ಟಿದ ಊರು" ಎನ್ನುತ್ತೇನೆ. ನಮ್ಮಲ್ಲಿ ಹಲ್ಲು ಕಟಕಟಿಸುವಂಥ ಚಳಿಯೂ ಬೀಳುತ್ತದೆ ಎಂದರೆ ಯಾರೂ ನಂಬುವುದಿಲ್ಲ. ಮದುವೆಯೊಂದರಲ್ಲಿ ಪಂಕ್ತಿಗೆ ಕುಳಿತಿದ್ದ ಕರಾವಳಿಯ ಮಹನೀಯರೊಬ್ಬರಂತೂ ನಾನು ಸ್ವೆಟರ್ ಹಾಕಿಕೊಂಡೇ ಮಲಗುತ್ತೇನೆ ಎಂದದ್ದಕ್ಕೆ, ಊಟ ಮುಗಿಯುವವರೆಗೂ ನನ್ನನ್ನು ಸುಳ್ಳುಗಾರನಂತೆ ನೋಡಿದರು. ಹೀಗಾಗಿ ನಮ್ಮ ಚಳಿಗೆ ಸಾಕ್ಷಿ ಹೇಳುವವರು ಎರಡೇ ಪಂಗಡ. ಒಂದು ಹೊಲದಲ್ಲಿ ನಿಂತ ಬಿಳಿಜೋಳ, ಇನ್ನೊಂದು ನನ್ನ ಹಳೆಯ ಡೀಸೆಲ್ ಗಾಡಿ. ಜೋಳ ಆ ಚಳಿಯನ್ನೇ ಉಂಡು ತೆನೆ ಕಟ್ಟುತ್ತದೆ. ಗಾಡಿ ಅದೇ ಚಳಿಗೆ ಮುನಿಸಿಕೊಂಡು ಕೂಡುತ್ತದೆ.

ಅದರ ಮುನಿಸಿನ ರೀತಿ ನನಗೆ ಬಾಯಿಪಾಠವಾಗಿದೆ. ಕೀಲಿಯನ್ನು ಅರ್ಧ ತಿರುಗಿಸಿದರೆ ಮುಂದುಗಡೆ ಸುರುಳಿಯ ಚಿತ್ರದ ಹಳದಿ ದೀಪವೊಂದು ಹೊತ್ತುತ್ತದೆ. ಎಂಜಿನ್ನಿನೊಳಗೆ ಹೀಟರ್ ಪ್ಲಗ್ ಎಂಬ ಕಡ್ಡಿಗಳಿವೆಯಂತೆ, ಅವು ಕಾದು ಬಿಸಿಯಾಗುತ್ತಿವೆ, ಸ್ವಲ್ಪ ತಾಳು ಎಂದು ಅದರ ಅರ್ಥ. ದೀಪ ಆರುವವರೆಗೆ ನಾನು ದೇವರ ಮುಂದೆ ಕುಳಿತಷ್ಟೇ ಭಕ್ತಿಯಿಂದ ಕುಳಿತಿರುತ್ತೇನೆ. ಆರಿದ ಮೇಲೆ ಪೂರ್ತಿ ತಿರುಗಿಸಿದರೆ ಒಳಗಿನಿಂದ ಗರ್ ಗರ್ ಎಂಬ ಸದ್ದು, ಹಿಂದಿನಿಂದ ಒಂದಿಷ್ಟು ಬಿಳಿ ಹೊಗೆ, ಆಮೇಲೆ ಮೌನ. ಇನ್ನೊಮ್ಮೆ ತಿರುಗಿಸಿದರೆ ಗರ್ ಎಂಬುದು ಅರ್ಧವಾಗುತ್ತದೆ. ಮತ್ತೂ ಹಟ ಹಿಡಿದರೆ ಬರೀ ಟಕ್ ಎನ್ನುತ್ತದೆ. ಆಗ ನಾನು ಕೆಳಗಿಳಿದು ಬಾನೆಟ್ ಎತ್ತಿ, ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು, ಒಳಗೆ ದಿಟ್ಟಿಸಿ ನೋಡಿ, "ಹ್ಞಾಂ" ಎನ್ನುತ್ತೇನೆ. ಯಂತ್ರಗಳ ಬಗ್ಗೆ ನನಗೆ ಗೊತ್ತಿರುವುದು ಈ ಹ್ಞಾಂ ಒಂದೇ. ಕಾಲೇಜಿನ ಕಚೇರಿಯಲ್ಲಿ ಕೆಲಸ ಮಾಡುವ ನನಗೆ, ತಿಳಿಯದ ಕಾಗದದ ಮುಂದೆ ಗಂಭೀರವಾಗಿ ಕೂಡುವ ಅಭ್ಯಾಸ ಮೊದಲಿನಿಂದಲೂ ಇದೆ, ಅದು ಇಲ್ಲಿಯೂ ಉಪಯೋಗಕ್ಕೆ ಬಂತು.

ಗ್ಯಾರೇಜಿಗೆ ಒಯ್ಯಬಾರದೇ ಎಂದು ನೀವು ಕೇಳುತ್ತೀರಿ. ಒಯ್ಯುವುದು ಹೇಗೆ? ಒಯ್ಯಬೇಕಾದರೆ ಅದು ಚಾಲೂ ಆಗಬೇಕು. ಚಾಲೂ ಆಗುವುದು ಬಿಸಿಲೇರಿ ತಗಡೆಲ್ಲ ಕಾದ ಮೇಲೆ. ಕಾದ ಮೇಲೆ ಅದಕ್ಕೆ ಯಾವ ರೋಗವೂ ಇರುವುದಿಲ್ಲ. ಮೇಸ್ತ್ರಿಯ ಎದುರಿಗೆ ನಿಲ್ಲಿಸಿ ಕೀಲಿ ತಿರುಗಿಸಿದರೆ, ಹೆಣ್ಣು ನೋಡಲು ಹೋದ ಹುಡುಗನಂತೆ, ಅಷ್ಟು ಸಭ್ಯವಾಗಿ ಮೊದಲ ಸಲಕ್ಕೇ ಗುನುಗುತ್ತದೆ. ಮೇಸ್ತ್ರಿ ನನ್ನ ಮುಖ ನೋಡುತ್ತಾನೆ. "ಸಾಹೇಬ್ರ, ಗಾಡಿ ಛಲೋ ಐತ್ರಿ. ನಿಮಗ ಏನರ ಟೆನ್ಶನ್ ಐತೇನ್ರಿ ಮನ್ಯಾಗ?" ಎಂದು ಒಂದು ಸಲ ಕೇಳಿಯೇಬಿಟ್ಟ. ರಾತ್ರಿ ಇಲ್ಲಿಯೇ ಬಿಟ್ಟುಹೋಗುತ್ತೇನೆ, ಬೆಳಿಗ್ಗೆ ನೀನೇ ನೋಡು ಎಂದು ಬಿಟ್ಟುಬಂದೆ. ಅವನ ಗ್ಯಾರೇಜು ಮೂರು ಕಡೆ ಗೋಡೆ, ಮೇಲೆ ತಗಡು. ಅಲ್ಲಿ ಬೆಚ್ಚಗೆ ಮಲಗಿ ಎದ್ದ ಗಾಡಿ ಬೆಳಗಾಗುತ್ತಲೇ ಚಾಲೂ ಆಯಿತಂತೆ. ಹೋದ ಚಳಿಗಾಲದಲ್ಲೇ ಕಡ್ಡಿಗಳನ್ನು ಬದಲಿಸಿದ್ದಾಯಿತು, ಬ್ಯಾಟರಿ ಬದಲಿಸಿದ್ದಾಯಿತು, ಡೀಸೆಲ್ ಸೋಸುವ ಫಿಲ್ಟರೂ ಹೊಸದಾಯಿತು. ಕೊನೆಗೆ ಅವನು ಕೈ ಒರೆಸಿಕೊಳ್ಳುತ್ತ, "ಎಂಜಿನ್ನಿಗೆ ವಯಸ್ಸಾಗೈತ್ರಿ, ಮುಂಜಾನೆ ಏಳಾಕ ತ್ರಾಸ ಆಗ್ತೈತಿ" ಎಂದ. ಐವತ್ತು ದಾಟಿದ ನನಗೆ ಆ ಮಾತು ಅರ್ಥವಾಗದೇ ಇರಲಿಲ್ಲ.

ನನ್ನ ಹೆಂಡತಿ ಮಹಾದೇವಿಗೆ ಮಾತ್ರ ಈ ಗಾಡಿಯ ಮೇಲೆ ಕರುಣೆಯಿಲ್ಲ. ಗೋಳಗುಮ್ಮಟದ ಹತ್ತಿರ ಅಂಗಡಿ ಇಟ್ಟುಕೊಂಡ ಸಿದ್ದಪ್ಪ ಎಂಬವರು ಸಾಮಾನು ಸಾಗಿಸಲು ಹಳೆಯ ಗಾಡಿಯೊಂದನ್ನು ಹುಡುಕುತ್ತಿದ್ದಾರೆಂಬ ಸುದ್ದಿಯನ್ನು ಅವಳೇ ತಂದಳು. "ನಮ್ಮ ಗಾಡಿ ಮಾರಾಕ ಬರೂದಿಲ್ಲ. ಅದು ಅಪ್ಪನ ಗಾಡಿ" ಎಂದೆ. "ಮಾವನವರು ಯಾವತ್ತರ ಡ್ರೈವಿಂಗ್ ಮಾಡ್ಯಾರೇನ್ರಿ?" ಎಂದಳು. ಮಾತಿಗೆ ಮಾತು ಬೆಳೆಯಿತು. ಕಡೆಗೆ ನಾನು ಗಂಡಸಿನ ಆವೇಶದಲ್ಲಿ ಒಂದು ಕರಾರು ಒಪ್ಪಿಕೊಂಡುಬಿಟ್ಟೆ: ಎಳ್ಳಮಾವಾಸ್ಯೆಯ ಮುಂಜಾನೆ ಗಾಡಿ ತಾನಾಗಿ ಚಾಲೂ ಆದರೆ ನಮ್ಮ ಮನೆಯಲ್ಲೇ ಇರತಕ್ಕದ್ದು, ಆಗದಿದ್ದರೆ ಸಿದ್ದಪ್ಪನವರ ಅಂಗಡಿ ಸೇರತಕ್ಕದ್ದು.

ಎಳ್ಳಮಾವಾಸ್ಯೆಯ ದಿನವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಅವತ್ತು ನಮ್ಮ ಕಡೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ, ಕಡಬು, ಮೊಸರನ್ನ ಎಲ್ಲ ಬುಟ್ಟಿಯಲ್ಲಿ ಕಟ್ಟಿಕೊಂಡು ಹೋಗಿ, ಮೊದಲು ಭೂಮಿತಾಯಿಗೆ ಚೆಲ್ಲಿ, ಆಮೇಲೆ ಬೆಳೆಯ ನಡುವೆ ಕುಳಿತು ಉಣ್ಣುವುದು. ಆ ಚೆಲ್ಲುವ ಎಡೆಗೆ ಚರಗ ಎನ್ನುತ್ತೇವೆ. ನಮ್ಮ ಹೊಲ ಬಬಲೇಶ್ವರದ ಆಚೆಗಿದೆ. ಈಗ ಊರಿನವರೊಬ್ಬರು ಪಾಲಿಗೆ ಮಾಡುತ್ತಾರೆ, ಆದರೂ ಚರಗ ಮಾತ್ರ ನಾವೇ ಹೋಗಿ ಚೆಲ್ಲಬೇಕು. ನಾನು ಜಲನಗರದ ಮನೆಯಿಂದ ಹೊರಟು, ಮೊದಲು ತಿಕೋಟಾಕ್ಕೆ ಹೋಗಿ ನನ್ನ ಅಕ್ಕ ಗೌರವ್ವನನ್ನು ಹತ್ತಿಸಿಕೊಂಡು, ಅಲ್ಲಿಂದ ಒಳದಾರಿ ಹಿಡಿದು ಬಬಲೇಶ್ವರ ಸೇರುತ್ತೇನೆ. ಸುತ್ತು ದಾರಿ ನಿಜ. ಅಕ್ಕನಿಲ್ಲದೆ ಚರಗವಾದದ್ದು ನನಗೆ ನೆನಪಿಲ್ಲ.

ಸಣ್ಣವನಿದ್ದಾಗ ನಾವು ಚಕ್ಕಡಿಯಲ್ಲಿ ಹೋಗುತ್ತಿದ್ದೆವು. ಅಪ್ಪ ನಸುಕಿನಲ್ಲಿಯೇ ಎತ್ತಿನ ಮೈ ತೊಳೆದು ಜೂಲು ಹೊದಿಸುತ್ತಿದ್ದ. ಚಕ್ಕಡಿಯಲ್ಲಿ ಹುಲ್ಲು ಹಾಸಿ, ಅದರ ಮೇಲೆ ಅವ್ವ ಹೊಲಿದ ಕೌದಿ ಹೊದ್ದು, ನಾನೂ ಅಕ್ಕನೂ ಅದರೊಳಗೆ ಮೂಗಷ್ಟೇ ಹೊರಗಿಟ್ಟು ಕೂಡುತ್ತಿದ್ದೆವು. ಎತ್ತಿನ ಮೂಗಿನಿಂದ ಹೊಗೆಯಂತೆ ಉಸಿರು ಬರುತ್ತಿತ್ತು. ಬುಟ್ಟಿಯೊಳಗಿನ ಬಿಸಿ ಹೋಳಿಗೆಯ ವಾಸನೆಗೆ ಅಕ್ಕ ಮೆಲ್ಲಗೆ ಬಟ್ಟೆಯ ಅಂಚು ಎತ್ತಿದರೆ, ಅವ್ವ ಹಿಂದೆ ತಿರುಗದೆಯೇ, "ಭೂಮಿತಾಯಿಗಿಂತ ಮೊದಲ ತಿಂದ್ರ ನಾಲಿಗಿ ಸುಡ್ತೈತಿ" ಎನ್ನುತ್ತಿದ್ದಳು. ಆ ಚಳಿ, ಆ ದಾರಿ, ಎರಡೂ ಬದಿಗೆ ಮಂಜು ಹೊತ್ತು ನಿಂತ ಜೋಳ, ಕುಸುಬಿ, ಕಡಲೆ. ಈಗಲೂ ಚಳಿಗಾಲದ ಮೊದಲ ಗಾಳಿ ಮೂಗಿಗೆ ತಾಕಿದರೆ ನನಗೆ ಎಲ್ಲಕ್ಕಿಂತ ಮೊದಲು ನೆನಪಾಗುವುದು ಆ ಕೌದಿಯೊಳಗಿನ ಕತ್ತಲೆ.

ನಾನು ನೌಕರಿ ಹಿಡಿದು, ಸಾಲದ ಮೇಲೆ ಈ ಗಾಡಿ ತಂದ ಮೇಲೆ ಚಕ್ಕಡಿ ನಿಂತಿತು. ಆಗ ಅಪ್ಪ ಬಬಲೇಶ್ವರದ ಮನೆಯಲ್ಲೇ ಇದ್ದ. ಹಬ್ಬದ ಹಿಂದಿನ ದಿನ ನಾವು ಹೋಗಿ, ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸುತ್ತಿದ್ದೆವು. ಬೆಳಿಗ್ಗೆ ಹೊರಡುವ ಮುನ್ನ ಅಪ್ಪ ತಲೆಗೆ ಪಟಕಾ ಸುತ್ತಿಕೊಂಡು ಬಂದು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಏನೋ ಅನ್ನುತ್ತಿದ್ದ. ಎತ್ತಿನ ಹಣೆ ಮುಟ್ಟುವಂತೆಯೇ ಮುಟ್ಟುತ್ತಿದ್ದ. ನಾನು ಕೀಲಿ ತಿರುಗಿಸಿದರೆ ಗಾಡಿ ಒಂದೇ ಸಲಕ್ಕೆ ಚಾಲೂ. ಅಪ್ಪ ಮುಂದಿನ ಸೀಟಿನಲ್ಲಿ ಕುಳಿತು, ಮೇಲಿನ ಹಿಡಿಕೆಯನ್ನು ಭದ್ರವಾಗಿ ಹಿಡಿದುಕೊಂಡು, ಹೊಲ ಬರುವವರೆಗೆ ಒಂದು ಮಾತೂ ಆಡದೆ ದಾರಿ ನೋಡುತ್ತಿದ್ದ. ಅದು ಮಗನ ಗಾಡಿಯಲ್ಲಿ ಕುಳಿತ ತೃಪ್ತಿಯ ಮೌನ ಎಂದು ನಾನು ತಿಳಿದಿದ್ದೆ. ಅಪ್ಪ ಹೋದ ಮೇಲೆ ಆ ಸೀಟಿನಲ್ಲಿ ಯಾರು ಕುಳಿತರೂ ನನಗೆ ಒಂದು ಕ್ಷಣ ಕಸಿವಿಸಿಯಾಗುತ್ತದೆ. ಇಂಥ ಗಾಡಿಯನ್ನು ಸಿದ್ದಪ್ಪನವರ ಸಾಮಾನು ಹೊರಲು ಕೊಡುವುದೆಂದರೆ ಹೇಗೆ ಹೇಳಿ.

ಕರಾರಾದ ದಿನದಿಂದ ನಾನು ಗುಟ್ಟಾಗಿ ತಯಾರಿ ನಡೆಸಿದೆ. ರಾತ್ರಿ ಮಲಗುವ ಮುನ್ನ ಬಾನೆಟ್ಟಿನ ಮೇಲೆ ದಪ್ಪ ಚಾದರ ಹೊದಿಸುವುದು, ನಸುಕಿಗೆ ಎದ್ದು ತೆಗೆಯುವುದು. ಇಳಿಜಾರಿನಲ್ಲಿ ನಿಲ್ಲಿಸಿದರೆ ಉರುಳಿಸಿಕೊಂಡು ಚಾಲೂ ಮಾಡಬಹುದೆಂದು ಯಾರೋ ಹೇಳಿದ್ದರು. ಆದರೆ ನಮ್ಮ ಊರಿನಲ್ಲಿ ಇಳಿಜಾರು ಎಲ್ಲಿಂದ ತರಬೇಕು? ಹಂಚಿನ ಮೇಲಿನ ರೊಟ್ಟಿಗಿಂತ ಚಪ್ಪಟೆ ನಮ್ಮ ನೆಲ. ಸಾಯಂಕಾಲ ವಾಕಿಂಗ್ ಹೋಗುವ ನೆಪದಲ್ಲಿ ಜಲನಗರದ ಓಣಿ ಓಣಿ ಅಲೆದು, ಕೊನೆಗೆ ಒಂದು ಕಡೆ ನೀರು ತಾನಾಗಿ ಹರಿಯುವುದನ್ನು ಕಂಡು ಹಿಗ್ಗಿ ಅಲ್ಲಿಯೇ ಗಾಡಿ ನಿಲ್ಲಿಸಿ ಬಂದೆ. ಬೆಳಿಗ್ಗೆ ಹೋಗಿ ನೋಡಿದರೆ ಆ ಮನೆಯವರು ಗಾಡಿಯ ಸುತ್ತ ನಿಂತು, ಯಾರದೋ ಕಳ್ಳಮಾಲೆಂದು ಚರ್ಚೆ ನಡೆಸಿದ್ದರು. ನನ್ನದೇ ಎಂದು ಒಪ್ಪಿಕೊಳ್ಳುವುದು ಕಳ್ಳನಾಗುವುದಕ್ಕಿಂತ ಕಷ್ಟವಾಯಿತು. ಮನೆಗೆ ಬಂದರೆ ಮಹಾದೇವಿ, "ಮಂದಿ ಬಾಗಲ ಮುಂದ ಗಾಡಿ ಕಟ್ಟಿ ಬರಾಕ ಅದೇನು ಎಮ್ಮಿ ಏನ್ರಿ?" ಎಂದಳು.

ಅಂತೂ ಎಳ್ಳಮಾವಾಸ್ಯೆ ಬಂತು. ಅವತ್ತಿನ ಚಳಿ ಹೇಗಿತ್ತೆಂದರೆ ಕೀಲಿ ಹಿಡಿದ ಬೆರಳೇ ನನ್ನದೆಂದು ಗೊತ್ತಾಗುತ್ತಿರಲಿಲ್ಲ. ಮಹಾದೇವಿ ಇಳಕಲ್ ಸೀರೆಯ ಮೇಲೆ ನನ್ನ ಹಳೆಯ ಕೋಟು ಹಾಕಿಕೊಂಡು, ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡು, ತೀರ್ಪುಗಾರಳಂತೆ ಹಿಂದಿನ ಸೀಟಿನಲ್ಲಿ ಕುಳಿತಳು. ಹಳದಿ ದೀಪ ಹೊತ್ತಿತು, ಆರಿತು. ನಾನು ಮನೆದೇವರನ್ನು ನೆನೆದು ತಿರುಗಿಸಿದೆ. ಗರ್ ಎಂದು, ಬಿಳಿ ಹೊಗೆ ಬಿಟ್ಟು, ಗಾಡಿ ಸುಮ್ಮನಾಯಿತು. ಇನ್ನೊಮ್ಮೆ. ಮತ್ತೂ ಒಮ್ಮೆ. ಹಿಂದೆ ಮಹಾದೇವಿ ಬುಟ್ಟಿಯನ್ನು ಮಡಿಲಿನಿಂದ ಸೀಟಿಗೆ ಇಳಿಸಿದಳು. ಅದನ್ನು ಕಂಡು ನನಗೆ ಹೆಚ್ಚು ಭಯವಾಯಿತು.

ಸದ್ದಿಗೆ ಪಕ್ಕದ ಮನೆಯ ಬಿರಾದಾರ ಸರ್ ಹೊರಗೆ ಬಂದರು. ಗಣಿತದ ಮಾಸ್ತರರಾಗಿ ನಿವೃತ್ತರಾದವರು, ಮಫ್ಲರಿನೊಳಗಿಂದ ಕನ್ನಡಕವಷ್ಟೇ ಕಾಣುತ್ತಿತ್ತು. "ಬಾನೆಟ್ ಎತ್ರಿ" ಎಂದರು. ಎತ್ತಿದೆ. ಅವರು ಕನ್ನಡಕ ಒರೆಸಿಕೊಂಡು ಒಳಗೆ ಬಗ್ಗಿ ನೋಡಿದರು. "ಇದೇನ್ರಿ ಇದು? ಬ್ಯಾಟರಿಗೆ ವಿಭೂತಿ, ಕುಂಕುಮ, ಅಕ್ಕಿಕಾಳು?" ಮಹಾನವಮಿಯ ಖಂಡೆ ಪೂಜೆಯಂದು, ಅಂದರೆ ಆಯುಧಪೂಜೆಯ ದಿನ, ಎಲ್ಲರೂ ಗಾಡಿಯ ಮೂತಿಗೆ ಪೂಜೆ ಮಾಡುತ್ತಾರೆ. ಕಾಯಿಲೆ ಇರುವುದು ಒಳಗೆ, ಮೂತಿಗೆ ಮಾಡಿ ಏನು ಫಲ ಎಂದು ನಾನು ಈ ಸಲ ಬಾನೆಟ್ ಎತ್ತಿ ಸೀದಾ ಬ್ಯಾಟರಿಗೇ ವಿಭೂತಿ ಬಳಿದು, ತೆಂಗಿನಕಾಯಿಯ ನೀರೂ ಎರೆದಿದ್ದೆ. ಅದೆಲ್ಲ ವಯರಿನ ತುದಿಗಳ ಮೇಲೆ ಬೂದುಬಣ್ಣದ ಹಕ್ಕಳೆಯಾಗಿ ಕೂತಿತ್ತು. ಸರ್ ತಮ್ಮ ಅಡುಗೆಮನೆಯಿಂದ ಬಿಸಿನೀರು ತಂದು ಸುರಿದು, ಹಳೆಯ ಬ್ರಶ್ಶಿನಿಂದ ಉಜ್ಜಿದರು. ಆಮೇಲೆ ಕೀಲಿ ತಿರುಗಿಸಿದರೆ ಗರ್ ಗರ್ ಸದ್ದೇನೋ ಹುಲಿಯಂತೆ ಬಂತು, ಎಂಜಿನ್ ಮಾತ್ರ ಏಳಲಿಲ್ಲ. "ಅಂದ್ರ ದೋಷ ಎರಡು ಇದ್ವು. ಒಂದು ಹೋತು" ಎಂದು ಸರ್ ಲೆಕ್ಕ ಬಿಡಿಸಿದಷ್ಟು ಸಮಾಧಾನದಿಂದ ಹೇಳಿದರು. ಕೊನೆಗೆ ಹಾಲು ಹಾಕುವವನನ್ನೂ ಪೇಪರ್ ಹಾಕುವವನನ್ನೂ ನಿಲ್ಲಿಸಿ, ಸರ್ ಮುಂದಾಳಾಗಿ, ಮೂವರೂ ನೂಕಿದರು. ಓಣಿಯ ಕೊನೆಗೆ ಹೋಗುವಷ್ಟರಲ್ಲಿ ಗಾಡಿ ಒಮ್ಮೆ ಕೆಮ್ಮಿ, ಇಡೀ ಓಣಿಗೆ ಹೊಗೆ ಹಾಕಿ, ಚಾಲೂ ಆಯಿತು.

"ಆತು ನೋಡು" ಎಂದೆ. "ತಾನಾಗಿ ಅಂತ ಮಾತಾಗಿತ್ರಿ" ಎಂದಳು ಮಹಾದೇವಿ. ತೊರವಿ ದಾಟುವವರೆಗೂ ಇದೇ ವಾದ. ನೂಕಿದ ಮೇಲೆ ಎಂಜಿನ್ ತಾನಾಗಿಯೇ ಓಡುತ್ತಿದೆಯಲ್ಲ ಎಂದು ನಾನು, ಹಾಗಾದರೆ ಗುಡ್ಡದಿಂದ ಉರುಳಿಸಿದ ಕಲ್ಲೂ ತಾನಾಗಿಯೇ ಓಡುತ್ತದೆ ಎಂದು ಅವಳು. ಅವಳು ವಕೀಲಿ ಓದಬೇಕಿತ್ತು.

ತಿಕೋಟಾದಲ್ಲಿ ನನ್ನ ನಿರ್ಧಾರ ಒಂದೇ ಆಗಿತ್ತು: ಎಂಜಿನ್ ಆರಿಸುವುದಿಲ್ಲ, ಸೀಟು ಬಿಟ್ಟು ಇಳಿಯುವುದಿಲ್ಲ. ಅಕ್ಕ ಬಾಗಿಲಲ್ಲಿಯೇ ತಂಬಿಗೆಯಲ್ಲಿ ನೀರು ಹಿಡಿದು ನಿಂತಿದ್ದಳು. "ಇಳಿ ತಮ್ಮಾ, ಕಾಲ ತೊಕ್ಕೋ" ಎಂದಳು. "ಇಲ್ಲ ಬೇ ಅಕ್ಕಾ, ನೀನ ಬಂದು ಹತ್ತು. ಗಾಡಿ ಬಂದ್ ಮಾಡಂಗಿಲ್ಲ" ಎಂದೆ. ಅಕ್ಕನ ಮುಖ ಇಳಿಯಿತು. "ಹಬ್ಬದ ದಿನ ಬಾಗಲಿಗೆ ಬಂದ ತಮ್ಮ ಕಾಲಿಗೆ ನೀರ ತಗೋಳಿಲ್ಲಂದ್ರ ಓಣ್ಯಾಗಿನ ಮಂದಿ ಏನ ತಿಳ್ಕೊಂಡಾರು? ನಾ ಏನ ತಪ್ಪ ಮಾಡೀನಿ?" ಎಂಜಿನ್ ಓಡುತ್ತಲೇ ಬಿಟ್ಟು, ಇಳಿದು ಕಾಲು ತೊಳೆದುಕೊಂಡು, ಒಳಗೆ ಹೋಗಿ ಚಹಾದ ಬಟ್ಟಲಿಗೆ ತುಟಿ ಹಚ್ಚಿದ್ದೆನಷ್ಟೇ, ಹೊರಗಿನ ಸದ್ದು ನಿಂತಿತು. ಅಕ್ಕ ಸೆರಗಿಗೆ ಕೈ ಒರೆಸುತ್ತ ಬಂದು, "ಎಣ್ಣಿ ಸುಮ್ಮ ಸುಡಾಕತ್ತಿತ್ತು. ನಿಂದರಸಿ ಬಂದೀನಿ ನೋಡು" ಎಂದಳು. ಮನೆಯಲ್ಲಿ ಟ್ರ್ಯಾಕ್ಟರ್ ಇರುವವಳು, ಕೀಲಿ ಅವಳಿಗೆ ಹೊಸದಲ್ಲ.

ನಾನು ಹೊರಗೆ ಬಂದು ಕಟ್ಟೆಯ ಮೇಲೆ ತಲೆಯ ಮೇಲೆ ಕೈ ಹೊತ್ತು ಕುಳಿತೆ. ಎಲ್ಲ ಮುಗಿಯಿತು, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಬೇಕು ಎಂದೆ. ಮಹಾದೇವಿಯೇ, "ಒಮ್ಮೆ ತಿರುವ್ಯರ ನೋಡ್ರಿ" ಎಂದಳು. ತಿರುವಿದೆ. ಒಂದೇ ಸಲಕ್ಕೆ ಚಾಲೂ. ಅಷ್ಟು ದೂರ ಓಡಿ ಕಾದ ಎಂಜಿನ್ನಿಗೆ ಚಳಿಯ ಹಂಗಿರುವುದಿಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ. "ಇದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ ಮತ್ತ" ಎಂದು ಮಹಾದೇವಿ ಮೊದಲೇ ಎಚ್ಚರಿಸಿದಳು.

ಹೊಲ ಮುಟ್ಟಿದಾಗ ಎಳೆ ಬಿಸಿಲು. ಹೊಲದ ದೇವರೆಂದು ಇಟ್ಟ ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆಯಾಯಿತು. ಅಕ್ಕ ಮುಂದೆ, ನಾನು ತಂಬಿಗೆಯ ನೀರು ಚಿಮುಕಿಸುತ್ತ ಹಿಂದೆ, ಜೋಳದ ಸಾಲಿನೊಳಗೆ ಚರಗ ಚೆಲ್ಲಿ ಬಂದೆವು. ಉಣ್ಣಲು ಕುಳಿತಾಗ ಮಹಾದೇವಿ ಕರಾರಿನ ವಿಷಯ ತೆಗೆದಳು. ಅಕ್ಕನಾದರೂ ನನ್ನ ಕಡೆ ನಿಲ್ಲುತ್ತಾಳೆಂದು ನಾನು ದನಿ ಮೆತ್ತಗೆ ಮಾಡಿ, "ಅಪ್ಪ ಪ್ರೀತಿಯಿಂದ ಕುಂತ ಗಾಡಿ ಅಕ್ಕಾ. ಹೆಂಗ ಮಾರೂದು ಹೇಳು" ಎಂದೆ.

ಅಕ್ಕ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ಪ್ರೀತಿ ಎಲ್ಲೀದೋ ತಮ್ಮಾ. ಅಪ್ಪಗ ಆ ಗಾಡಿ ಕಂಡ್ರ ಆಗ್ತಿದ್ದಿಲ್ಲ. ಅದರ ವಾಸನಿಗೆ ಹೊಟ್ಟಿ ತೊಳಸ್ತಿತ್ತು. ಎಲ್ಲಿ ವಾಂತಿ ಆಗ್ತೈತೋ ಅಂತ ಬಾಯಿ ಬಿಗಿಹಿಡದು ಕುಂದರ್ತಿದ್ದ."

"ಮತ್ತ ಬಾನೆಟ್ ಮ್ಯಾಲ ಕೈ ಇಟ್ಟು ಬೇಡಿಕೋತಿದ್ನಲ್ಲ?"

"ಹೂಂ, ಬೇಡಿಕೋತಿದ್ದ. 'ಇವತ್ತೊಂದ ದಿನ ಚಾಲೂ ಆಗಬ್ಯಾಡಪಾ, ಚಕ್ಕಡಿ ಕಟಗೊಂಡು ಹೋಗೂಣು' ಅಂತ. ನನ್ನ ಮುಂದ ಅವನ ಹೇಳ್ಯಾನ. 'ತಮ್ಮಗ ಹೇಳಬ್ಯಾಡ ಗೌರಾ, ಹೌಸಿಲೆ ತಂದಾನ' ಅಂದಿದ್ದ."

ಮಹಾದೇವಿ ಸೆರಗು ಬಾಯಿಗೆ ಹಚ್ಚಿ ನಕ್ಕಳು. ನಾನೂ ನಕ್ಕೆ. ಅಪ್ಪ ವರ್ಷವರ್ಷವೂ ಹಾಕಿದ ಅರ್ಜಿ ಮೇಲಿನ ಕಚೇರಿಯಲ್ಲಿ ಇಷ್ಟು ಕಾಲ ಕೊಳೆತು, ಈಗ ಮಂಜೂರಾಗಿ ಬಂದಿದೆ ಎಂದೆ. ನಮ್ಮ ಕಚೇರಿಯ ಅನುಭವದಿಂದ ಹೇಳಿದ ಮಾತು. ಆದರೆ ನಗುತ್ತ ನಗುತ್ತಲೇ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟೆ. ಒಲ್ಲದ ಗಾಡಿಯಲ್ಲಿ, ಹೊಟ್ಟೆ ತೊಳಸಿದರೂ ತುಟಿ ಬಿಚ್ಚದೆ, ಹಿಡಿಕೆ ಹಿಡಿದುಕೊಂಡು, ಮಗನ ಹೌಸಿಗಾಗಿ, ಅವನ ಹುಮ್ಮಸ್ಸಿಗಾಗಿ ಕುಳಿತ ಅಪ್ಪ. ಅವನಿಗೆ ಆ ಗಾಡಿ ಇಷ್ಟವಿತ್ತೆಂದು ತಿಳಿದಿದ್ದಾಗ ಅದು ಬರೀ ನೆನಪಿನ ವಸ್ತುವಾಗಿತ್ತು. ಇಷ್ಟವಿರಲಿಲ್ಲವೆಂದು ತಿಳಿದ ಮೇಲೆ ಆ ಸೀಟನ್ನು ನೋಡುವುದೇ ಕಷ್ಟವಾಯಿತು. ಅಷ್ಟು ಪ್ರೀತಿ ಕುಳಿತ ಜಾಗವನ್ನು ಬಿಟ್ಟುಕೊಡುವುದು ನನ್ನಿಂದ ಸಾಧ್ಯವಿರಲಿಲ್ಲ. ಆದರೆ ಹೆಂಡತಿಗೆ ಹೇಳಲು ಇದ್ದ ಒಂದೇ ಕಾರಣವನ್ನೂ ಅಕ್ಕ ಉಣ್ಣುತ್ತ ಉಣ್ಣುತ್ತ ಕಿತ್ತುಕೊಂಡಿದ್ದಳು.

ಕರಾರಿನಂತೆ ಸಿದ್ದಪ್ಪನವರಿಗೆ ಫೋನು ಹೋಯಿತು. ಮುಂದಿನ ರವಿವಾರ ಅವರು ಬಂದರು, ಅದೂ ಬಿಸಿಲು ಚುರುಕಾದ ಮೇಲೆ. ಕೀಲಿ ತಿರುಗಿಸಿದರು. ಗಾಡಿ ಒಂದೇ ಸಲಕ್ಕೆ ಗುನುಗಿತು. ಓಣಿಯಲ್ಲಿ ಒಂದು ಸುತ್ತು ಹೊಡೆದು ಬಂದು, "ಬೆಣ್ಣಿ ಇದ್ದಂಗ ಐತ್ರಿ" ಎಂದರು. ಮಹಾದೇವಿ ಚಹಾ ತಂದು, ಗೆದ್ದವಳ ಸಮಾಧಾನದಿಂದ ಬಾಗಿಲಲ್ಲಿ ನಿಂತಳು. ಸಿದ್ದಪ್ಪನವರು ಕೇಳಬೇಕೆಂದು ಕೇಳಿದವರಂತೆ, "ಥಂಡ್ಯಾಗ ಏನ ತ್ರಾಸ ಇಲ್ಲಲ್ರಿ?" ಎಂದರು.

"ಐತ್ರಿ" ಎಂದೆ. ಒಮ್ಮೆ ಬಾಯಿ ಬಿಟ್ಟ ಮೇಲೆ ನನಗೆ ತಡೆಯೇ ಇರಲಿಲ್ಲ. ಹಳದಿ ದೀಪ, ಬಿಳಿ ಹೊಗೆ, ಬದಲಿಸಿದ ಕಡ್ಡಿಗಳು, ವಯಸ್ಸಾದ ಎಂಜಿನ್, ನೂಕಿದವರು, ಎಲ್ಲವನ್ನೂ ಬಿಡಿಬಿಡಿಸಿ ಹೇಳಿದೆ. ಮೇಸ್ತ್ರಿಯ ಮುಂದೆಯೂ ಇಷ್ಟು ಚೆನ್ನಾಗಿ ವಿವರಿಸಿರಲಿಲ್ಲ. ಸಿದ್ದಪ್ಪನವರು ಬಟ್ಟಲು ಕೆಳಗಿಟ್ಟು, ಎದ್ದು ಕೈ ಮುಗಿದರು. "ನಿಮ್ಮಂಗ ಖರೇ ಹೇಳಿ ಗಾಡಿ ಮಾರೋ ಮಂದಿ ನಾ ನೋಡಿಲ್ರಿ ಸಾಹೇಬ್ರ" ಎಂದು ಹೋದವರು ತಿರುಗಿ ಬರಲಿಲ್ಲ. ಮಹಾದೇವಿ ಖಾಲಿ ಬಟ್ಟಲು ಎತ್ತುತ್ತ, "ಖರೇ ಹೇಳೂ ಚಟಾ ನಿಮಗ ಯಾವಾಗ ಹತ್ತಿತ್ರಿ?" ಎಂದು ಕೇಳಿದಳು.

ಸಿದ್ದಪ್ಪನವರು ಈ ಸಂಗತಿಯನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದಾರೆ. ಈಗ ಜಲನಗರದಲ್ಲಿ ನನಗೆ ಸತ್ಯವಂತನೆಂಬ ಹೆಸರಾಗಿದೆ. ಬೆಳಿಗ್ಗೆ ಮಫ್ಲರ್ ಸುತ್ತಿಕೊಂಡು ಗಾಡಿ ನೂಕಲು ಬರುವ ಬಿರಾದಾರ ಸರ್ ಕೂಡ, ನಿಮ್ಮಂಥವರ ಗಾಡಿ ನೂಕುವುದು ಪುಣ್ಯದ ಕೆಲಸ ಎನ್ನುತ್ತಾರೆ. ನಾನು ಸ್ಟೇರಿಂಗ್ ಹಿಡಿದುಕೊಂಡು, ಕನ್ನಡಿಯಲ್ಲಿ ಅವರ ಮುಖ ಕಾಣದಂತೆ ಸ್ವಲ್ಪ ಬಗ್ಗಿ ಕೂಡುತ್ತೇನೆ.